ಹಳೆ ಮಾರುತಿ 800ರಲ್ಲಿ ಮಂಗೋಲಿಯಾ ಕಡೆ ಹೋಗಬಹುದಾ? ಮಕ್ಕಳ ಕಿವಿ ಯಂತ್ರದ ಸೆಲ್‌ಗೆ ಹಣ ಎತ್ತಬೇಕಿದೆ

ಹುಮನಾಬಾದ್ ರೋಡ್ ಗ್ಯಾರೇಜ್, ಕಲಬುರಗಿ:

ಎಲ್ಲರಿಗೂ ಶರಣು.

ಕಲಬುರಗಿಯ ಹುಮನಾಬಾದ್ ರೋಡಿನಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಇಪ್ಪತ್ತೆರಡು ವರ್ಷದಿಂದ ಮಾರುತಿ ಗಾಡಿಗಳನ್ನೇ ಜಾಸ್ತಿ ಬಿಚ್ಚಿ ಜೋಡಿಸಿದ್ದೇನೆ. ಈಗ ಒಂದು ಆಸೆ ತಲೆಯಲ್ಲಿ ಕೂತಿದೆ. ತಿಳಿದವರು ದಯವಿಟ್ಟು ದಾರಿ ಹೇಳಿ.

ನಮ್ಮ ಅಕ್ಕನ ಮಗ ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದಾನೆ. ಹೋದ ದೀಪಾವಳಿಗೆ ಊರಿಗೆ ಬಂದಾಗ ಮಂಗೋಲ್ ರ‍್ಯಾಲಿ ಬಗ್ಗೆ ಹೇಳಿದ. ಇದು ರೇಸ್ ಅಲ್ಲ. ಮೊದಲು ಬಂದವರಿಗೆ ಕಪ್ ಇಲ್ಲ. 2004ರಲ್ಲಿ ಶುರುವಾಯಿತಂತೆ. ಆ ವರ್ಷ ಆರು ಕಾರು ಹೊರಟು ನಾಲ್ಕು ಮುಟ್ಟಿದವು. ಯುರೋಪಿನಿಂದ ಹೊರಟು ಮಧ್ಯ ಏಷ್ಯಾ ದಾಟಿ ಹೋಗುವುದು, ಹತ್ತಿರ ಹತ್ತಿರ 16,000 ಕಿಲೋಮೀಟರ್. ಮೊದಲು ಮಂಗೋಲಿಯಾದ ಉಲಾನ್‌ಬಾತರ್‌ನಲ್ಲಿ ಮುಗಿಯುತ್ತಿತ್ತು, ಆಮೇಲೆ ರಷ್ಯಾದ ಉಲಾನ್-ಉಡೆಗೆ ಹೋಯಿತು. ಕಾರು ಚಿಕ್ಕದಿರಬೇಕು, 1000 ಸಿಸಿ ಆಸುಪಾಸು. ಹಿಂದೆ ಸಹಾಯಕ್ಕೆ ಯಾವ ಗಾಡಿಯೂ ಬರುವುದಿಲ್ಲ. ದಾರಿಯನ್ನು ನಾವೇ ಆರಿಸಿಕೊಳ್ಳಬೇಕು, ಕೆಟ್ಟರೆ ನಾವೇ ರಿಪೇರಿ ಮಾಡಿಕೊಳ್ಳಬೇಕು. ಪ್ರತಿ ತಂಡ ಕನಿಷ್ಠ 1,000 ಪೌಂಡ್ ದಾನದ ಹಣ ಎತ್ತಬೇಕು. ಅದರಲ್ಲಿ ಅರ್ಧ ಅವರು ಗೊತ್ತು ಮಾಡಿದ ಕಾಡು ಉಳಿಸುವ ಸಂಸ್ಥೆಗೆ ಹೋಗುತ್ತದೆ, ಉಳಿದರ್ಧ ನಮಗೆ ಬೇಕಾದ ಕೆಲಸಕ್ಕೆ.

"ಮಾಮಾ, ನೀನೂ ಬಾ, ಇಂಥದ್ದಕ್ಕೆ ನಿನ್ನಂಥ ಮೆಕ್ಯಾನಿಕ್ಕೇ ಬೇಕು" ಅಂದ. ಅವತ್ತಿನಿಂದ ನಿದ್ದೆ ಸರಿಯಾಗಿ ಬಂದಿಲ್ಲ.

ನನಗೆ ಹೋಗಬೇಕು ಅನ್ನಿಸಿದ್ದು ಆ ಉಳಿದರ್ಧ ಹಣದ ಮಾತಿನಿಂದ. ನನ್ನ ಮಗಳಿಗೆ ಹನ್ನೊಂದು ವರ್ಷ. ಹುಟ್ಟಿನಿಂದ ಕಿವಿ ಬಹಳ ಮಂದ. ಕಿವುಡ ಮಕ್ಕಳ ಶಾಲೆಯಲ್ಲಿ ಓದುತ್ತಾಳೆ. ಜಾಣೆ, ಗಣಿತದಲ್ಲಿ ನನ್ನನ್ನೂ ಮೀರಿಸುತ್ತಾಳೆ. ಹೋದ ಜನವರಿಯಲ್ಲಿ ಶಾಲೆಯ ಕಾರ್ಯಕ್ರಮಕ್ಕೆ ಹೋಗಿದ್ದೆ. ಮುಂದಿನ ಸಾಲಿನಲ್ಲಿ ಎಂಟು ಮಕ್ಕಳು ಕೂತಿದ್ದರು, ಎಂಟೂ ಮಕ್ಕಳ ಕಿವಿಯಲ್ಲಿ ಯಂತ್ರ. ಕಿವಿ ಯಂತ್ರ ನಡೆಯುತ್ತಿದೆಯಾ ಅಂತ ನೋಡಲು ಒಂದು ಸುಲಭದ ಉಪಾಯ ಇದೆ. ಅಂಗೈಯಲ್ಲಿ ಮುಚ್ಚಿ ಹಿಡಿದರೆ ಕುಂಯ್ ಅಂತ ಸದ್ದು ಬರಬೇಕು. ಮೇಡಂ ಅವರನ್ನು ಕೇಳಿ ಒಂದೊಂದನ್ನೇ ಹಿಡಿದು ನೋಡಿದೆ. ಮೂರು ಕೂಗಿದವು. ಐದು ಕೂಗಲಿಲ್ಲ. ಕೆಟ್ಟಿರಲಿಲ್ಲ, ಒಳಗೆ ಸೆಲ್ ಮುಗಿದಿತ್ತು ಅಷ್ಟೆ. ಯಂತ್ರ ಸರ್ಕಾರದ ಯೋಜನೆಯಲ್ಲಿ ಪುಕ್ಕಟೆ ಸಿಗುತ್ತದೆ. ಆಮೇಲಿನ ಸೆಲ್ ಅಪ್ಪ ಅಮ್ಮನೇ ತರಬೇಕು. ಕೂಲಿಗೆ ಪುಣೆ, ಮುಂಬೈ, ಹೈದರಾಬಾದ್ ಅಂತ ಗುಳೆ ಹೋದವರ ಮಕ್ಕಳಿಗೆ ಪ್ರತಿ ತಿಂಗಳು ಸೆಲ್ ಯಾರು ತರುತ್ತಾರೆ? ಆ ಐದು ಮಕ್ಕಳು ಕಾರ್ಯಕ್ರಮ ಮುಗಿಯುವ ತನಕ ಸುಮ್ನೆ ನಮ್ಮ ಬಾಯಿ ನೋಡುತ್ತಾ ಕೂತಿದ್ದರು. ಅದನ್ನು ಮರೆಯಲು ಆಗುತ್ತಿಲ್ಲ.

ಕಾರಿನ ವಿಷಯ. ನಮ್ಮ ಹತ್ತಿರ 1997ರ ಮಾರುತಿ 800 ಇದೆ, ಕಾರ್ಬುರೇಟರ್ ಗಾಡಿ, 796 ಸಿಸಿ. ನಮ್ಮಪ್ಪ ಗಂಜಿನ ಮಾರುಕಟ್ಟೆಯಲ್ಲಿ ತೊಗರಿ ಅಂಗಡಿಯ ಮುನೀಮರಾಗಿದ್ದರು. ಈ ಗಾಡಿ ಅವರು ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮಗಳನ್ನು ಕಿವಿ ಪರೀಕ್ಷೆಗೆ ಹೈದರಾಬಾದಿಗೆ ಕರೆದೊಯ್ದದ್ದೆಲ್ಲ ಇದರಲ್ಲೇ. ಎಂಜಿನ್ ನಾನೇ ಎರಡು ಸಲ ಇಳಿಸಿ ಬೋರ್ ಮಾಡಿಸಿದ್ದೇನೆ. ಮೇ ತಿಂಗಳ 44 ಡಿಗ್ರಿ ಬಿಸಿಲಲ್ಲೂ ಹೀಟ್ ಆಗಿ ನಿಂತಿದ್ದಿಲ್ಲ. ಅಪ್ಪನ ಗಾಡಿಯಲ್ಲೇ ಹೋಗಬೇಕು ಅನ್ನೋದು ನನ್ನ ಮನಸ್ಸು.

ಒಂದೇ ಭಯ ಎತ್ತರದ್ದು. ತಜಕಿಸ್ತಾನದ ಪಾಮಿರ್ ಹೆದ್ದಾರಿಯಲ್ಲಿ ಅಕ್-ಬೈತಾಲ್ ಅನ್ನೋ ಘಾಟ್ ಇದೆ, 4,655 ಮೀಟರ್. ಅಲ್ಲಿ ಗಾಳಿ ನಮ್ಮಲ್ಲಿಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಕಾರ್ಬುರೇಟರ್‌ಗೆ ಅದು ತಿಳಿಯುವುದಿಲ್ಲ. ಪೆಟ್ರೋಲ್ ಅಷ್ಟೇ ಬಿಡುತ್ತದೆ, ಪ್ಲಗ್ ಕರಿ ಹಿಡಿಯುತ್ತದೆ, ಗಾಡಿ ಉಸಿರುಗಟ್ಟುತ್ತದೆ. ಪೆಟ್ರೋಲ್ ಬಿಡುವ ಜೆಟ್ ಚಿಕ್ಕ ತೂತಿನದು ಹಾಕಿ ನಿಭಾಯಿಸಬಹುದು.

ಕೇಳಬೇಕಾದ್ದು ಇಷ್ಟು. ನಮ್ಮ ಕೆಎ-32 ಗಾಡಿಯನ್ನು ಅಲ್ಲಿಗೆ ಒಯ್ಯುವುದು ಹೇಗೆ, ಕಾಗದ ಏನೇನು ಬೇಕು? ಹಣವನ್ನು ನಾಲ್ಕು ಜನ ಒಪ್ಪುವ ಹಾಗೆ ಎತ್ತುವುದು ಹೇಗೆ? ಎರಡನೆಯದು ನನಗೆ ಮುಖ್ಯ. ಹಿಂದೆ ನಮ್ಮ ಓಣಿಯಲ್ಲಿ ಒಬ್ಬರು ಒಳ್ಳೆ ಕೆಲಸಕ್ಕೆ ಅಂತಲೇ ಹಣ ಎತ್ತಿದರು. ನಾನೂ ಐದು ಸಾವಿರ ಕೊಟ್ಟೆ. ಲೆಕ್ಕ ಇವತ್ತಿಗೂ ಬಂದಿಲ್ಲ. ನನ್ನ ಹೆಸರಿಗೆ ಅಂಥ ಮಾತು ಬರಬಾರದು.

*

ಬಂದರಿನ ಆಳಂದದವ, ನವಿ ಮುಂಬೈ:

ಶರಣ್ರಿ ಅಣ್ಣಾ. ನಮ್ಮದು ಆಳಂದ ತಾಲೂಕು. ಹದಿನಾಲ್ಕು ವರ್ಷದಿಂದ ನಾವಾ ಶೇವಾ ಬಂದರಿನಲ್ಲಿ ಕ್ಲಿಯರಿಂಗ್ ಕೆಲಸ ಮಾಡುತ್ತೇನೆ. ಪರದೇಶಕ್ಕೆ ಸ್ವಂತ ಗಾಡಿ ಒಯ್ಯುವವರ ಕಾಗದ ಎಷ್ಟೋ ಸಲ ನೋಡಿದ್ದೇನೆ. ನಿಮ್ಮ ಮನಸ್ಸಿಗೆ ಬೇಸರ ಆಗಬಹುದು, ಆದರೂ ಇದ್ದದ್ದು ಹೇಳುತ್ತೇನೆ.

ರಸ್ತೆ ಮೇಲೆ ಹೋಗುವುದನ್ನು ಮರೆತುಬಿಡಿ. ಪಾಕಿಸ್ತಾನದ ದಾರಿ ಮುಚ್ಚಿದೆ. ನೇಪಾಳ ದಾಟಿ ಚೀನಾದಲ್ಲಿ ಹೋಗಬೇಕೆಂದರೆ ಅವರ ಗೈಡ್, ಅವರ ಪರ್ಮಿಟ್ ಇಲ್ಲದೆ ಗಾಡಿ ಬಿಡುವುದಿಲ್ಲ, ಅದಕ್ಕೆ ಲಕ್ಷಗಟ್ಟಲೆ ಬೇಕು. ಉಳಿದದ್ದು ಸಮುದ್ರ. ಇಲ್ಲಿ ಕಂಟೇನರ್‌ಗೆ ಹಾಕಿ ದುಬೈಯ ಜೆಬೆಲ್ ಅಲಿಗೆ, ಅಲ್ಲಿಂದ ಹಡಗಿನಲ್ಲಿ ಇರಾನಿನ ಬಂದರ್ ಅಬ್ಬಾಸ್‌ಗೆ, ಮುಂದೆ ಮಧ್ಯ ಏಷ್ಯಾಕ್ಕೆ. ಇರಾನಿನ ಪರಿಸ್ಥಿತಿ ನಿಮಗೆ ಗೊತ್ತೇ ಇದೆ.

ಇದಕ್ಕೆಲ್ಲ ಕಾರ್ನೆ ಬೇಕು. ಕಾರ್ನೆ ಅಂದರೆ ಗಾಡಿಯ ಪಾಸ್‌ಪೋರ್ಟ್ ಅಂತ ತಿಳಿಯಿರಿ. ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ ಕೊಡುತ್ತದೆ, ಒಂದು ವರ್ಷ ನಡೆಯುತ್ತದೆ. ಪ್ರತಿ ಹಾಳೆಯಲ್ಲಿ ಮೂರು ತುಂಡು. ದೇಶದ ಒಳಗೆ ಹೋಗುವಾಗ ಒಂದನ್ನು ಹರಿದುಕೊಳ್ಳುತ್ತಾರೆ, ಹೊರಗೆ ಬರುವಾಗ ಇನ್ನೊಂದು, ಬುಡ ನಿಮ್ಮ ಹತ್ತಿರ ಉಳಿಯುತ್ತದೆ. ಎರಡೂ ಸೀಲ್ ಬಿದ್ದರೆ ಗಾಡಿ ಅಲ್ಲಿ ಮಾರಾಟ ಆಗಿಲ್ಲ ಅಂತ ಪುರಾವೆ. ಹೊರಗಿನ ಸೀಲ್ ಇಲ್ಲದಿದ್ದರೆ ಆ ದೇಶದ ಕಸ್ಟಮ್ಸ್ ಪೂರ್ತಿ ಸುಂಕ ಕೇಳುತ್ತದೆ. ಅದಕ್ಕೇ ಮುಂಚೆಯೇ ಬ್ಯಾಂಕ್ ಗ್ಯಾರಂಟಿ ಕೊಡಬೇಕು. ಗಾಡಿ ಪಾಮಿರ್ ಬೆಟ್ಟದಲ್ಲಿ ಎಂಜಿನ್ ಸೀಜ್ ಆಗಿ ನಿಂತರೂ ಬಿಟ್ಟು ಬರುವ ಹಾಗಿಲ್ಲ. ಟ್ರಕ್ ಮೇಲೆ ಹೇರಿಯಾದರೂ ಗಡಿ ದಾಟಿಸಬೇಕು, ಮತ್ತೆ ಹಡಗು ಹತ್ತಿಸಿ ಮುಂಬೈಗೇ ತರಬೇಕು.

ನನ್ನ ಅಂದಾಜಿನಲ್ಲಿ ಹೋಗಿ ಬರುವ ಹಡಗಿನ ಬಾಡಿಗೆಯೇ ನೀವು ಎತ್ತುವ ದಾನಕ್ಕಿಂತ ಜಾಸ್ತಿ ಆಗುತ್ತದೆ. ಆ ಹಣದಲ್ಲಿ ಎಷ್ಟು ಮಕ್ಕಳಿಗೆ ಸೆಲ್ ಬರುತ್ತದೆ, ನೀವೇ ಲೆಕ್ಕ ಹಾಕಿ ಅಣ್ಣಾ.

ನಿಮ್ಮ ಅಳಿಯ ಜರ್ಮನಿಯಲ್ಲೇ ಗಾಡಿ ಕೊಂಡರೆ ಕತೆಯೇ ಬೇರೆ. ಇರಾನ್ ಬಿಟ್ಟು ಟರ್ಕಿ, ಜಾರ್ಜಿಯಾ, ರಷ್ಯಾ, ಕಜಕಿಸ್ತಾನದ ಮೇಲೆ ಹೋದರೆ ಕಾರ್ನೆ ಬೇಡವೇ ಬೇಡ. ಗಡಿಯಲ್ಲೇ ತಾತ್ಕಾಲಿಕ ಕಾಗದ ಬರೆದು ಕೊಡುತ್ತಾರೆ. ರಷ್ಯಾ, ಕಜಕಿಸ್ತಾನ, ಕಿರ್ಗಿಜ್‌ಸ್ತಾನ ಒಂದೇ ಕಸ್ಟಮ್ಸ್ ಒಕ್ಕೂಟ. ಆ ಕಾಗದ ಜೋಪಾನ, ಅದರಲ್ಲಿ ಬರೆದ ತಾರೀಕಿನೊಳಗೆ ಗಾಡಿ ಹೊರಗೆ ಬರಲೇಬೇಕು. ಬಾಕು ಕಡೆಯಿಂದ ಕ್ಯಾಸ್ಪಿಯನ್ ದಾಟುವ ಯೋಚನೆ ಇದ್ದರೆ ಮೊದಲೇ ವಿಚಾರಿಸಿ. ಅಜರ್‌ಬೈಜಾನ್ 2020ರ ಕೊರೊನಾದಲ್ಲಿ ಮುಚ್ಚಿದ ರಸ್ತೆ ಗಡಿಯನ್ನು ವರ್ಷಗಟ್ಟಲೆ ತೆರೆಯಲಿಲ್ಲ.

ಇನ್ನೊಂದು. ನಮ್ಮ ಆರ್‌ಟಿಓ ಕೊಡುವ ಅಂತರರಾಷ್ಟ್ರೀಯ ಲೈಸೆನ್ಸ್ 1949ರ ರಸ್ತೆ ಸಂಚಾರ ಒಪ್ಪಂದದ್ದು, ಒಂದು ವರ್ಷದ್ದು. ಕಜಕಿಸ್ತಾನ, ಉಜ್ಬೇಕಿಸ್ತಾನ, ತಜಕಿಸ್ತಾನ 1968ರ ಒಪ್ಪಂದದವು. ಜರ್ಮನಿಯಲ್ಲಿ ಆ 1968ರದ್ದೇ ಸಿಗುತ್ತದೆ. ಅಳಿಯನ ಹತ್ತಿರ ಅದು ಇರಲಿ. ಚೆಕ್‌ಪೋಸ್ಟ್ ಜಾಸ್ತಿ ಇರುವ ಕಡೆ ಅವನೇ ಸ್ಟಿಯರಿಂಗ್ ಹಿಡಿಯಲಿ.

*

ಹುಮನಾಬಾದ್ ರೋಡ್ ಗ್ಯಾರೇಜ್:

ತಮ್ಮಾ, ಓದಿ ಒಂದು ದಿನ ಉತ್ತರ ಬರೆಯಲು ಆಗಲಿಲ್ಲ. ಗಾಡಿ ಹತ್ತಿರ ಹೋಗಿ ಕೂತಿದ್ದೆ. ನೀನು ಹೇಳಿದ್ದು ಸರಿ. ಅಪ್ಪ ಇದ್ದಿದ್ದರೂ ಇದೇ ಲೆಕ್ಕ ಹೇಳುತ್ತಿದ್ದರು, ಮುನೀಮರಲ್ವಾ.

ಅಳಿಯನಿಗೆ ಫೋನ್ ಮಾಡಿ ಅಲ್ಲಿ ಯಾವ ಹಳೆ ಗಾಡಿ ಸಿಗುತ್ತದೆ ನೋಡು ಅಂದಿದ್ದೇನೆ.

*

ಸೇಡಂ ಅಮ್ಮ:

ಅಣ್ಣಾ, ನಮಸ್ಕಾರ. ನನ್ನ ಮಗನಿಗೂ ಎರಡು ಕಿವಿಗೂ ಯಂತ್ರ ಇದೆ. ನೀವು ಅಂಗೈಯಲ್ಲಿ ಹಿಡಿದು ನೋಡಿದ ಮಾತು ಓದಿ ಕಣ್ಣಲ್ಲಿ ನೀರು ಬಂತು. ನಾನು ಪ್ರತಿದಿನ ಬೆಳಿಗ್ಗೆ ಹಾಗೇ ನೋಡುತ್ತೇನೆ.

ಸೆಲ್ ವಿಷಯದಲ್ಲಿ ನನಗೆ ಗೊತ್ತಿರುವುದು ಹೇಳುತ್ತೇನೆ. ಹಣ ಬಂತು ಅಂತ ಒಮ್ಮೆಗೇ ರಾಶಿ ಸೆಲ್ ಕೊಳ್ಳಬೇಡಿ. ಇವು ಗಾಳಿಯಿಂದ ನಡೆಯುವ ಸೆಲ್. ಮೇಲೆ ಒಂದು ಬಣ್ಣದ ಸ್ಟಿಕ್ಕರ್ ಇರುತ್ತದೆ. ಅದನ್ನು ಕಿತ್ತ ಕೂಡಲೇ ಗಾಳಿ ಒಳಗೆ ಹೋಗಿ ಸೆಲ್ ಖರ್ಚಾಗಲು ಶುರುವಾಗುತ್ತದೆ, ಯಂತ್ರದಲ್ಲಿ ಹಾಕಲಿ ಬಿಡಲಿ. ಮತ್ತೆ ಅಂಟಿಸಿದರೂ ಅದು ಮೊದಲಿನಂತೆ ಆಗುವುದಿಲ್ಲ. ಹಳ್ಳಿಯ ಅಜ್ಜಿಯರಿಗೆ ಇದು ಗೊತ್ತಿರುವುದಿಲ್ಲ. ಮೊಮ್ಮಗನಿಗೆ ಸುಲಭ ಆಗಲಿ ಅಂತ ಆರೂ ಸೆಲ್‌ನ ಸ್ಟಿಕ್ಕರ್ ಒಂದೇ ಸಲ ಕಿತ್ತು ಇಟ್ಟವರನ್ನು ನಾನು ನೋಡಿದ್ದೇನೆ. ತಿಂಗಳ ಸೆಲ್ ಹಾಳು. ಕಿತ್ತ ಮೇಲೆ ಒಂದು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಬೇಕು, ಅದೂ ಯಾರೂ ಹೇಳಿಕೊಡುವುದಿಲ್ಲ.

ಸೈಜ್ ಕೂಡ ಬೇರೆ ಬೇರೆ. ಬಹಳ ಮಂದ ಇರುವ ಮಕ್ಕಳ ದೊಡ್ಡ ಯಂತ್ರಕ್ಕೆ 675, ನೀಲಿ ಸ್ಟಿಕ್ಕರ್. ಅದಕ್ಕಿಂತ ಚಿಕ್ಕದಕ್ಕೆ 13, ಕಿತ್ತಳೆ ಬಣ್ಣ. ಮೊದಲು ಶಾಲೆಯಲ್ಲಿ ಯಾವ ಮಗುವಿಗೆ ಯಾವುದು ಅಂತ ಪಟ್ಟಿ ಮಾಡಿಸಿ. ಮೂರು ತಿಂಗಳಿಗೊಮ್ಮೆ ಹೊಸ ಸ್ಟಾಕ್ ತರಿಸಿ.

ಕಿವಿಯೊಳಗೆ ಕೂರುವ ಅಚ್ಚನ್ನೂ ಮರೆಯಬೇಡಿ. ಮಕ್ಕಳು ಬೆಳೆದಂತೆ ಕಿವಿಯೂ ಬೆಳೆಯುತ್ತದೆ. ಹಳೆ ಅಚ್ಚು ಸಡಿಲ ಆದರೆ ಯಂತ್ರ ಕಿವಿಯಲ್ಲೇ ಕೂಗಲು ಶುರು ಮಾಡುತ್ತದೆ. ಕಿರಿಕಿರಿ ತಾಳದೆ ಮಕ್ಕಳು ಯಂತ್ರವನ್ನೇ ತೆಗೆದಿಡುತ್ತಾರೆ. ನಮ್ಮವರು ಸೆಲ್ ಹೋಗಿದೆ ಅಂದುಕೊಳ್ಳುತ್ತಾರೆ. ಆಗ ಬೇಕಿರುವುದು ಹೊಸ ಅಚ್ಚು.

ಹಣದ ಬಗ್ಗೆ. ನನ್ನ ಯಜಮಾನರು ಲೆಕ್ಕಪತ್ರದ ಆಫೀಸಿನಲ್ಲಿದ್ದಾರೆ, ಅವರನ್ನೇ ಕೇಳಿ ಬರೆಯುತ್ತಿದ್ದೇನೆ. ನಿಮ್ಮ ಸ್ವಂತ ಖಾತೆಗೆ ದಾನದ ಹಣ ಒಂದು ರೂಪಾಯಿಯೂ ಬೇಡ. ನೋಂದಣಿ ಇರುವ, 80ಜಿ (ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವ ಮಂಜೂರಾತಿ) ಇರುವ ಸಂಸ್ಥೆಯ ಖಾತೆಗೆ ಕೊಡುವವರೇ ನೇರ ಹಾಕಲಿ, ರಸೀದಿಯನ್ನೂ ಅಲ್ಲಿಂದಲೇ ಪಡೆಯಲಿ. ನಗದು 2,000 ರೂಪಾಯಿ ದಾಟಿದರೆ 80ಜಿ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಜರ್ಮನಿಯವರು ಕೊಡುವ ಹಣಕ್ಕೆ ಇನ್ನೂ ಹುಷಾರು. ವಿದೇಶಿ ದೇಣಿಗೆ ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಇರಲೇಬೇಕು, ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಶಾಲೆ ನಡೆಸುವ ಸಂಸ್ಥೆಗೆ ಆ ನೋಂದಣಿ ಇದೆಯಾ ಅಂತ ಮೊದಲು ಕೇಳಿ. ಇಲ್ಲದಿದ್ದರೆ ಅಲ್ಲಿಯವರ ಹಣ ಇಲ್ಲಿಗೆ ತರಿಸಬೇಡಿ.

*

ಶಹಾಪುರ ಟ್ರೇಲರ್, ಯಾದಗಿರಿ ಜಿಲ್ಲೆ:

ಒಂಬತ್ತು ವರ್ಷ ಸೌದಿಯಲ್ಲಿ ಟ್ರೇಲರ್ ಓಡಿಸಿದವನು ನಾನು. ಆ ದೇಶಗಳಲ್ಲೆಲ್ಲ ಗಾಡಿ ರಸ್ತೆಯ ಬಲಕ್ಕೆ ಓಡಿಸಬೇಕು, ಸ್ಟಿಯರಿಂಗ್ ಎಡಕ್ಕೆ. ಮೊದಲ ವಾರ ಖಾಲಿ ರಸ್ತೆಯಲ್ಲೇ ಜಾಸ್ತಿ ಹುಷಾರಾಗಿರಿ ಉಸ್ತಾದ್. ಮುಂದೆ ಗಾಡಿ ಇದ್ದರೆ ಅದನ್ನು ನೋಡಿಕೊಂಡು ಹೋಗುತ್ತೀರಿ. ಬೆಳಿಗ್ಗೆ ಎದ್ದು ಪೆಟ್ರೋಲ್ ಬಂಕಿನಿಂದ ಹೊರಗೆ ಬರುವಾಗ ಯಾರೂ ಇಲ್ಲದಿದ್ದರೆ ಕೈ ತಾನೇ ಎಡಕ್ಕೆ ಎಳೆಯುತ್ತದೆ. ನನಗೆ ಹಾಗೇ ಆಗಿ ಒಮ್ಮೆ ಎದುರಿಗೆ ಟ್ಯಾಂಕರ್ ಬಂತು. ದೇವರು ಕಾಪಾಡಿದ. ಸ್ಟಿಯರಿಂಗ್ ಮೇಲೆ ಬಲಕ್ಕೆ ಬಾಣ ಬರೆದ ಪಟ್ಟಿ ಅಂಟಿಸಿಕೊಂಡೆ, ಆರು ತಿಂಗಳು ತೆಗೆಯಲಿಲ್ಲ.

ಕತ್ತಲಾದ ಮೇಲೆ ಓಡಿಸಬೇಡಿ. ಒಂಟೆ, ಕುದುರೆ ರಸ್ತೆಗೆ ಬರುತ್ತವೆ. ಹತ್ತು ಲೀಟರ್ ನೀರು ಯಾವಾಗಲೂ ಗಾಡಿಯಲ್ಲಿರಲಿ, ರೇಡಿಯೇಟರ್‌ಗೆ ಬೇರೆ, ಕುಡಿಯಲು ಬೇರೆ.

*

ಬೀದರ್ ಕೋಟೆ ಓಣಿ ಮೇಷ್ಟ್ರು:

ನಿವೃತ್ತ ಇತಿಹಾಸ ಮೇಷ್ಟ್ರು ನಾನು. ಗಾಡಿ ವಿಷಯ ನನಗೆ ತಿಳಿಯದು, ಆದರೆ ನೀವು ಹೋಗುವ ದಾರಿ ನಮಗೆ ಹೊಸದಲ್ಲ ಅಂತ ಹೇಳಲೇಬೇಕು ಅನ್ನಿಸಿತು.

15ನೇ ಶತಮಾನದಲ್ಲಿ ಅಫನಾಸಿ ನಿಕಿತಿನ್ ಅನ್ನೋ ರಷ್ಯಾದ ವ್ಯಾಪಾರಿ ತ್ವೇರ್ ಊರಿನಿಂದ ಹೊರಟ. ವೋಲ್ಗಾ ನದಿ ಹಿಡಿದು ಬಂದ, ದಾರಿಯಲ್ಲೇ ಲೂಟಿಯಾದ. ಕ್ಯಾಸ್ಪಿಯನ್, ಬಾಕು, ಪರ್ಷಿಯಾ, ಹೋರ್ಮುಜ್ ದಾಟಿ ಕೊಂಕಣದ ಚೌಲ್ ಬಂದರಿಗೆ ಇಳಿದ. ಮಾರಲು ಒಂದು ಕುದುರೆ ತಂದಿದ್ದ. ಜುನ್ನರಿನಲ್ಲಿ ಅಲ್ಲಿಯ ಅಧಿಕಾರಿ ಆ ಕುದುರೆಯನ್ನೇ ಕಿತ್ತುಕೊಂಡ. ಬಹಳ ಕಷ್ಟಪಟ್ಟು ಮರಳಿ ಪಡೆದು, ಅದರ ಜೊತೆ ನಮ್ಮ ಬೀದರಿಗೆ ಬಂದ. ಕಾರ್ನೆ ವಿಷಯ ಓದುವಾಗ ನನಗೆ ಆ ಕುದುರೆಯೇ ನೆನಪಾಯಿತು.

ಆಗ ಬೀದರಿನಲ್ಲಿ ದೊಡ್ಡ ಮಂತ್ರಿ ಮಹಮೂದ್ ಗಾವಾನ್. ಅವರು ಕ್ಯಾಸ್ಪಿಯನ್ ದಂಡೆಯ ಗಿಲಾನ್ ಕಡೆಯವರು. ಅವರು 1472ರಲ್ಲಿ ಮುಗಿಸಿದ ಮದರಸಾ ಇವತ್ತಿಗೂ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಗೋಡೆಯ ಮೇಲೆ ನೀಲಿ ಹಸಿರು ಹೊಳಪಿನ ಬಿಲ್ಲೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಸಮರ್‌ಖಂಡ್ ದಾರಿಯಲ್ಲಿ ಸಿಕ್ಕರೆ ರೆಗಿಸ್ತಾನ್ ಚೌಕದ ಉಲುಘ್ ಬೇಗ್ ಮದರಸಾ ಮುಂದೆ ಒಂದು ಗಳಿಗೆ ನಿಲ್ಲಿ. 1420ರದ್ದು. ಹೊರಡುವ ಮುಂಚೆ ಒಮ್ಮೆ ಬೀದರಿಗೂ ಬಂದು ಇಲ್ಲಿಯದನ್ನು ನೋಡಿ ಹೋಗಿ. ಅಲ್ಲಿ ನಿಂತಾಗ ಊರಿಗೇ ಬಂದಂತೆ ಆಗುತ್ತದೆ. ಮಗಳನ್ನೂ ಕರೆದುಕೊಂಡು ಬನ್ನಿ, ಊಟ ನಮ್ಮ ಮನೆಯಲ್ಲೇ.

*

ಹುಮನಾಬಾದ್ ರೋಡ್ ಗ್ಯಾರೇಜ್:

ಎಲ್ಲರಿಗೂ ಕೈಮುಗಿಯುತ್ತೇನೆ. ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ.

ಮೊದಲು ಗಾಡಿ ಸುದ್ದಿ. ಅಳಿಯ 2010ರ ಸುಜುಕಿ ಆಲ್ಟೊ ಒಂದು ನೋಡಿದ್ದಾನೆ. ಫೋಟೋ ಕಳಿಸಿದ. ಬಾನೆಟ್ ಎತ್ತಿ ವಿಡಿಯೋ ಮಾಡು ಅಂದೆ. ನೋಡಿದರೆ ನಮ್ಮ ಮಾರುತಿ ಎ-ಸ್ಟಾರ್! ಆ ಗಾಡಿಯನ್ನು ಹರಿಯಾಣದ ಮಾನೇಸರ್‌ನಲ್ಲಿ ಮಾಡಿ ಆಲ್ಟೊ ಹೆಸರಿನಲ್ಲಿ ಯುರೋಪಿಗೆ ಕಳಿಸುತ್ತಿದ್ದರು. ಒಳಗೆ ಕೆ10 ಎಂಜಿನ್, ಹತ್ತಿರ ಹತ್ತಿರ 1000 ಸಿಸಿ, ಮೂರು ಸಿಲಿಂಡರ್. ನಾನು ಕಣ್ಣು ಮುಚ್ಚಿಕೊಂಡು ಬಿಚ್ಚುವ ಎಂಜಿನ್. ಫೋನಿನಲ್ಲಿ ಸದ್ದು ಕೇಳಿಯೇ ಒಂದು ಕಾಯಿಲ್ ಮಿಸ್ ಹೊಡೆಯುತ್ತಿದೆ ಅಂತ ಗೊತ್ತಾಯಿತು. ಇಂಜೆಕ್ಷನ್ ಗಾಡಿ, ಎತ್ತರದಲ್ಲಿ ಪೆಟ್ರೋಲ್ ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಶಕ್ತಿ ಕಡಿಮೆ ಆಗುತ್ತದೆ, ಫಸ್ಟ್ ಗೇರಿನಲ್ಲಿ ಹತ್ತಿದರಾಯಿತು. ಸ್ಟಿಯರಿಂಗ್ ಎಡಕ್ಕೇ ಇದೆ, ಹಾಗಾಗಿ ಓವರ್‌ಟೇಕ್ ಮಾಡುವಾಗ ಎದುರಿನ ರಸ್ತೆ ಕಾಣುತ್ತದೆ. ಶಹಾಪುರ ಅಣ್ಣಾ, ಬಾಣದ ಪಟ್ಟಿ ಈಗಲೇ ಮಾಡಿಸಿಟ್ಟಿದ್ದೇನೆ.

ಸಾಮಾನು ಇಲ್ಲಿಂದಲೇ ಒಯ್ಯುತ್ತೇನೆ. ಕ್ಲಚ್ ಪ್ಲೇಟ್, ವಾಟರ್ ಪಂಪ್, ಫ್ಯಾನ್ ಬೆಲ್ಟ್, ಎರಡು ಇಗ್ನಿಷನ್ ಕಾಯಿಲ್, ಪೆಟ್ರೋಲ್ ಪಂಪ್, ಮುಂದಿನ ಲೋವರ್ ಆರ್ಮ್ ಒಂದು ಜೊತೆ. ಕಲಬುರಗಿಯಲ್ಲಿ ಒಂದೇ ಮಧ್ಯಾಹ್ನ ಎಲ್ಲ ಸಿಗುತ್ತದೆ, ಪಾರ್ಟ್ ನಂಬರ್ ಒಂದೊಂದೇ ತಾಳೆ ನೋಡಿ ಕೊಳ್ಳುತ್ತೇನೆ. ಸೈಲೆನ್ಸರ್ ಕಡೆಯ ಸೆನ್ಸರ್ ಅಲ್ಲಿಯದು ಬೇರೆ ಇರಬಹುದು, ಅದು ಅಳಿಯನ ಪಾಲು. ಎಂಜಿನ್ ಆಯಿಲ್ ನಿಲ್ಲುವ ಚೇಂಬರ್‌ಗೆ ಕೆಳಗೆ ಮೂರು ಎಂಎಂ ತಗಡಿನ ಗಾರ್ಡ್ ನಾನೇ ಬಡಿಯುತ್ತೇನೆ. ಕಲ್ಲಿನ ರಸ್ತೆಯಲ್ಲಿ ಮೊದಲು ಒಡೆಯುವುದೇ ಚೇಂಬರ್. ಅಪ್ಪನ ಗಾಡಿ ಇಲ್ಲೇ ಇರುತ್ತದೆ. ಅದರ ಡಿಕ್ಕಿಯಲ್ಲಿದ್ದ ಪಾನಾದ ಚೀಲ ಮಾತ್ರ ನನ್ನ ಜೊತೆ ಬರುತ್ತದೆ.

ಹಣದ್ದು ಹೀಗೆ ಮಾಡಿದ್ದೇವೆ. ಗಾಡಿ, ವೀಸಾ, ಪೆಟ್ರೋಲ್, ಊಟ ಎಲ್ಲ ನನ್ನದು ಮತ್ತು ಅಳಿಯನದು. ದಾನದಿಂದ ಒಂದು ಪೈಸೆಯೂ ದಾರಿಗೆ ಬಳಸುವುದಿಲ್ಲ. ಶಾಲೆಯ ಸಂಸ್ಥೆಗೆ 80ಜಿ ಇದೆ, ಎಫ್‌ಸಿಆರ್‌ಎ ಇಲ್ಲ. ಹಾಗಾಗಿ ಅಳಿಯನ ಗೆಳೆಯರು ಕೊಡುವುದು ರ‍್ಯಾಲಿಯವರ ಕಾಡಿನ ಅರ್ಧಕ್ಕೆ ಅಲ್ಲಿಯೇ ಹೋಗುತ್ತದೆ. ಸೆಲ್ ಮತ್ತು ಅಚ್ಚಿನ ಹಣ ನಾವು ಇಲ್ಲಿಯವರೇ ಎತ್ತುತ್ತೇವೆ. ಗ್ಯಾರೇಜಿನ ಗೋಡೆಯ ಮೇಲೆ ಬೋರ್ಡ್ ಹಾಕಿಸಿದ್ದೇನೆ. ಸಂಸ್ಥೆಗೆ ಎಷ್ಟು ಬಂತು, ಎಷ್ಟು ಸೆಲ್ ತಂದರು, ಯಾವ ತಾರೀಕು. ಪ್ರತಿ ಸೋಮವಾರ ಮಗಳೇ ಸೀಮೆಸುಣ್ಣದಿಂದ ಬರೆಯುತ್ತಾಳೆ. ಮೊದಲ ಸಾಲು ಹೋದ ವಾರ ಬಿತ್ತು, ಗಂಜಿನ ಹಮಾಲರು ಸೇರಿ 3,400 ರೂಪಾಯಿ ಹಾಕಿದರು.

ಮೇಷ್ಟ್ರೇ, ಮುಂದಿನ ಭಾನುವಾರ ಬೀದರಿಗೆ ಬರುತ್ತೇವೆ, 800ರಲ್ಲೇ. ಶೇಂಗಾ ಹಿಂಡಿ ನಮ್ಮ ಮನೆಯಿಂದ.

ಸೇಡಂ ಅಕ್ಕಾ, ಪಟ್ಟಿ ಮಾಡುತ್ತಿದ್ದೇವೆ. ಇಲ್ಲಿಯ ತನಕ ನೀಲಿಯವು ಹತ್ತೊಂಬತ್ತು ಮಕ್ಕಳಿಗೆ, ಕಿತ್ತಳೆಯವು ಏಳು. ಸ್ಟಿಕ್ಕರ್ ಕೀಳುವ ವಿಷಯ ಶಾಲೆಯಲ್ಲಿ ಅಜ್ಜಿಯರನ್ನು ಕೂರಿಸಿ ಹೇಳಬೇಕು ಅಂತ ಮೇಡಂ ಒಪ್ಪಿದ್ದಾರೆ. ನೀವು ಬಂದು ಹೇಳಿಕೊಡುತ್ತೀರಾ? ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ ಕರೆದೊಯ್ಯಲು.